ಇಲಿ ದೊಡ್ಡಮ್ಮ ಮತ್ತು ಹದಿಮೂರನೇ ಫ್ಯಾಕ್ಟರ್

ಸ್ವಲ್ಪ ತಾಳಿ. ತಲೆಬರಹದಲ್ಲಿ ಇಲಿ ಕಂಡಿತು ಅಂತ ಮುಂದಕ್ಕೆ ಹೋಗಿಬಿಡಬೇಡಿ. ಇಲಿ ಬರುತ್ತದೆ, ಇಲಿಯ ರಕ್ತ ಬರುತ್ತದೆ, ಆ ರಕ್ತಕ್ಕೆ ಸಂಬಂಧಪಟ್ಟ ಒಂದು ಜೀನ್ ಕೂಡ ಬರುತ್ತದೆ. ಆದರೆ ಅದಕ್ಕೆಲ್ಲ ಮೊದಲು ಒಬ್ಬ ಹೆಂಗಸು ಬರಬೇಕು. ಅವರು ನಿಧಾನಕ್ಕೆ ಬರುವವರು. ಅಲ್ಲಿಯವರೆಗೆ ಕಾಯಿರಿ. ಕಾಯುವುದನ್ನು ನಾನು ಕಲಿತದ್ದೇ ಅವರಿಂದ.

ಅವರ ಹೆಸರು ಹಾಕುವುದಿಲ್ಲ. ಹೋದ ತಿಂಗಳು ಅವರು ಕೆಲಸ ಬಿಟ್ಟರು. ನಿಮ್ಮ ಬಗ್ಗೆ ಬರೆಯಲಾ ಅಂತ ಕೇಳಿದ್ದಕ್ಕೆ, "ಬರ್ಕೋ, ಹೆಸ್ರು ಮಾತ್ರ ಹಾಕ್ಬ್ಯಾಡ. ನನ್ ಮಗಳ ರಕ್ತದ ಸುದ್ದಿ ಊರೋರ್ಗೆಲ್ಲ ಯಾಕೆ" ಅಂದರು. ಹಾಗಾಗಿ ನಾವೆಲ್ಲ ಕರೆಯುತ್ತಿದ್ದ ಹಾಗೆ ಇಲ್ಲಿಯೂ ದೊಡ್ಡಮ್ಮ ಅಂತಲೇ ಇರಲಿ. ಅವರಿಲ್ಲದಾಗ ಇಲಿ ದೊಡ್ಡಮ್ಮ ಅನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ನಾನು ಗುಬ್ಬಿಯವನು. ಐಟಿಐ ಮುಗಿಸಿ ಎ.ಸಿ. ರಿಪೇರಿ ಕಲಿತೆ. ವಸಂತನರಸಾಪುರದಲ್ಲಿ ಔಷಧಿಗಳನ್ನು ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯ ಇದೆ. ಅಲ್ಲಿ ಇಲಿ ಸಾಕುವ ಕೋಣೆಯ ತಂಪು ಹೆಚ್ಚುಕಮ್ಮಿ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವನು. ಆದರೆ ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಮೊಬೈಲಿನಲ್ಲಿ ಜೀನ್, ಕ್ರೋಮೊಸೋಮು, ಪ್ರೋಟೀನು ಅಂತ ವಿಡಿಯೋ ನೋಡಿ ನೋಡಿ ಹುಚ್ಚು ಹತ್ತಿತು. ಅರ್ಧ ತಿಳಿದುಕೊಂಡವನು ಪೂರ್ತಿ ಮಾತಾಡುತ್ತಾನಲ್ಲ, ಹಾಗಿದ್ದೆ. ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಕೇಳುತ್ತಿದ್ದವರು ದೊಡ್ಡಮ್ಮ ಒಬ್ಬರೇ.

ಅವರು ಕುಣಿಗಲ್ ಕಡೆಯವರು, ಹುತ್ರಿದುರ್ಗದ ಬೆಟ್ಟದ ಕೆಳಗಿನ ಹಳ್ಳಿ. ಗಂಡ ತೀರಿಕೊಂಡ ಮೇಲೆ ತುಮಕೂರಿಗೆ ಬಂದು ಬಾಡಿಗೆ ಮನೆಯಲ್ಲಿದ್ದರು. ಗಿಡ್ಡ ಮೈ, ದಪ್ಪ ಕನ್ನಡಕ. ಬೆಳಿಗ್ಗೆ ಬಂದವರು ಮೊದಲು ಮುಡಿದ ಕನಕಾಂಬರ ತೆಗೆದು ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿ ಇಡುತ್ತಿದ್ದರು. ಇಲಿ ಕೋಣೆಗೆ ಹೂವು ಒಯ್ಯುವಂತಿಲ್ಲ. ಆಮೇಲೆ ಸೀರೆ ಮೇಲೆ ನೀಲಿ ಗೌನು, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಸಂಜೆ ಹೊರಡುವಾಗ ಅದೇ ಹೂವನ್ನು ಮತ್ತೆ ಮುಡಿದುಕೊಂಡು ಬಸ್ಸು ಹತ್ತುವರು. ಬಾಡಿದೆ ಅಂದರೆ, ಮನೆ ತಲುಪೋವರೆಗೆ ಬಾಡಿರೋದೇ ಸಾಕು ಅನ್ನುವರು.

ಅವರ ಕೆಲಸ ಪಂಜರ ತೊಳೆಯುವುದು, ಹಾಸಿನ ಹೊಟ್ಟು ಬದಲಿಸುವುದು, ನೀರು, ಆಹಾರ. ಇಲಿಯನ್ನು ಎಲ್ಲರೂ ಬಾಲ ಹಿಡಿದು ಎತ್ತುತ್ತಾರೆ. ದೊಡ್ಡಮ್ಮ ಎರಡು ಕೈ ಬೊಗಸೆ ಮಾಡಿ ಪಂಜರದೊಳಗೆ ಇಟ್ಟು ಸುಮ್ಮನಿರುತ್ತಿದ್ದರು. ಇಲಿಯೇ ಬಂದು ಹತ್ತಬೇಕು. ಹೊತ್ತಾಗುತ್ತದೆ. ಒಂದು ಸಲ ನಾನು ಬಾಲ ಹಿಡಿಯಿರಿ, ಬೇಗ ಆಗುತ್ತದೆ ಅಂದೆ. "ನಿನ್ನ ಜುಟ್ಟು ಹಿಡ್ದು ಬಸ್ಸಿಗೆ ಹತ್ತಿಸ್ಲಾ, ಬೇಗ ಆಯ್ತದೆ" ಅಂದರು.

ಊರಿನಲ್ಲಿ ಇದೇ ಕೈಯಿಂದ ರಾಗಿ ತಿನ್ನುವ ಇಲಿಗೆ ಬೋನು ಇಟ್ಟವರು ತಾನು ಅಂತ ಅವರೇ ಹೇಳಿ ನಗುತ್ತಿದ್ದರು. ಇಲ್ಲಿ ಇಲಿಗೆ ಎ.ಸಿ., ತನ್ನ ಬಾಡಿಗೆ ಮನೆಯ ಫ್ಯಾನು ಮಾತ್ರ ಗಟಗಟ ಅಂತಿದೆ ಅನ್ನುವರು. ಯಾರಾದರೂ ಏನು ಕೆಲಸ ಅಂತ ಕೇಳಿದರೆ ಗಣಪತಿ ಗಾಡಿ ಸರ್ವಿಸ್ ಸ್ಟೇಷನ್ನಿನಲ್ಲಿದ್ದೇನೆ ಅನ್ನುವರು.

ಅವರ ಇನ್ನೊಂದು ಪದ್ಧತಿ ಇತ್ತು. ಅದೇ ಮುಂದೆ ದೊಡ್ಡದಾಯಿತು, ನೆನಪಿಟ್ಟುಕೊಳ್ಳಿ. ಪಂಜರಗಳು ಕಬ್ಬಿಣದ ರ‍್ಯಾಕಿನಲ್ಲಿ ಐದು ಸಾಲು. ಮೇಲಿನ ಸಾಲಿಗೆ ಟ್ಯೂಬ್‌ಲೈಟಿನ ಬೆಳಕು ಜಾಸ್ತಿ, ಕೆಳಗಿನ ಸಾಲು ಕತ್ತಲು. ಪ್ರತಿ ಸೋಮವಾರ ಹೊಟ್ಟು ಬದಲಿಸುವಾಗ ಅವರು ಮೇಲಿನ ಸಾಲನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಿದ್ದರು. ಒಂದೇ ಇಲಿ ಯಾಕೆ ದಿನಾ ಬಿಸಿಲಲ್ಲಿ ಕೂರಬೇಕು ಅನ್ನುವುದು ಅವರ ವಾದ. ಟ್ಯೂಬ್‌ಲೈಟನ್ನು ಅವರು ಬಿಸಿಲು ಅಂತಲೇ ಕರೆಯುತ್ತಿದ್ದರು.

ಈಗ ಇಲಿಯ ವಿಷಯಕ್ಕೆ ಬರುತ್ತೇನೆ.

ಗಾಯವಾದರೆ ರಕ್ತ ಹೆಪ್ಪುಗಟ್ಟುತ್ತದೆ, ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಫ್ಯಾಕ್ಟರ್ ಅಂತ ಹೆಸರು, ಒಂದೊಂದಕ್ಕೂ ಒಂದು ನಂಬರು. ಅವೆಲ್ಲ ಒಂದರ ಹಿಂದೆ ಒಂದು ಕೆಲಸ ಮಾಡಿ ಕೊನೆಗೆ ನೂಲಿನ ಹಾಗಿರುವ ಎಳೆಗಳನ್ನು ಹರಡುತ್ತವೆ. ರಕ್ತ ನಿಲ್ಲುತ್ತದೆ. ಆದರೆ ಎಳೆಗಳು ಬರೀ ಒಂದರ ಮೇಲೊಂದು ಬಿದ್ದಿದ್ದರೆ ಸಾಲದು. ಅವನ್ನು ಒಂದಕ್ಕೊಂದು ಗಂಟು ಹಾಕಬೇಕು. ಆ ಗಂಟು ಹಾಕುವುದು ಹದಿಮೂರನೇ ಫ್ಯಾಕ್ಟರ್. ಅದನ್ನು ಮಾಡುವ ಜೀನ್ ಕೆಟ್ಟಿದ್ದರೆ ಏನಾಗುತ್ತದೆ ಗೊತ್ತಾ? ರಕ್ತ ಸರಿಯಾಗಿಯೇ ನಿಲ್ಲುತ್ತದೆ. ಮಾಮೂಲಿ ಪರೀಕ್ಷೆ ಮಾಡಿಸಿದರೆ ನಾರ್ಮಲ್ ಅಂತಲೇ ಬರುತ್ತದೆ. ಮಾರನೇ ದಿನವೋ ಅದರ ಮಾರನೇ ದಿನವೋ ಹೆಪ್ಪು ಬಿಚ್ಚಿಕೊಂಡು ಮತ್ತೆ ರಕ್ತ ಹರಿಯುತ್ತದೆ.

ನಮ್ಮಲ್ಲಿ ಈ ಜೀನ್ ಕೆಡಿಸಿದ ಇಲಿಗಳ ಒಂದು ತಳಿ ಇತ್ತು. ಗಾಯ ಹೇಗೆ ಮಾಯುತ್ತದೆ ಅಂತ ನೋಡಲು ಪ್ರಯೋಗ ಮಾಡಿಸುವ ನಮ್ಮ ಮೇಡಂ ತರಿಸಿದ್ದರು. ಪ್ರತಿ ಜೀವಿಗೂ ಈ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯದು ಒಂದು, ತಂದೆಯದು ಒಂದು. ಎರಡೂ ಸರಿ ಇದ್ದರೆ ಪಂಜರದ ಕಾರ್ಡಿಗೆ ಹಸಿರು ಚುಕ್ಕಿಯ ಸ್ಟಿಕ್ಕರು. ಒಂದು ಕೆಟ್ಟು ಒಂದು ಸರಿ ಇದ್ದರೆ ಹಳದಿ. ಹಳದಿಗೆ ಏನೂ ತೊಂದರೆ ಇಲ್ಲ, ಒಂದು ಒಳ್ಳೆಯ ಪ್ರತಿಯೇ ಸಾಕು. ಎರಡೂ ಕೆಟ್ಟಿದ್ದರೆ ಕೆಂಪು. ಹಳದಿ ಹಳದಿ ಸೇರಿದರೆ ಮರಿಗಳಲ್ಲಿ ಕೆಲವು ಕೆಂಪು ಹುಟ್ಟುತ್ತವೆ. ದೊಡ್ಡಮ್ಮನಿಗೆ ಇದನ್ನು ನಾನೇ ಹೇಳಿಕೊಟ್ಟೆ ಅಂತ ಜಂಬ ನನಗೆ. ಅವರು ಇದನ್ನು ಅವರೆಕಾಳು ಸುಲಿಯುವಷ್ಟು ಸುಲಭವಾಗಿ ಹಿಡಿದುಕೊಂಡರು.

ಕೆಂಪು ಚುಕ್ಕಿಯ ಪಂಜರಗಳನ್ನು ಅವರು ನೋಡುವ ರೀತಿಯೇ ಬೇರೆ. ಯಾವುದಾದರೂ ಇಲಿಗೆ ಕಿವಿಯಲ್ಲಿ ಗುರುತಿನ ಕಚ್ಚು ಹಾಕಿದರೆ, ರಕ್ತ ನಿಂತಿತು ಅಂತ ನಾವು ಹೊರಟುಬಿಡುತ್ತಿದ್ದೆವು. ಅವರು ಮಾತ್ರ ಮಾರನೇ ದಿನ ಬಂದ ತಕ್ಷಣ ಅದರ ಹತ್ತಿರ ಹೋಗಿ, ಮಾಸ್ಕು ಸರಿಸಿ ಮೊದಲು ಮೂಸಿ, ಆಮೇಲೆ ಹೊಟ್ಟು ಕೆದಕುತ್ತಿದ್ದರು. ಇದಕ್ಕೆ ಅವರ ಒಂದು ಮಾತಿತ್ತು. "ಇವತ್ತು ನಿಂತಿದ್ದು ನಿಂತಂಗಲ್ಲ ಕಣೋ. ನಾಳೆ ನೋಡ್ಬೇಕು."

ಈ ಮಾತನ್ನು ಅವರು ಎಲ್ಲದಕ್ಕೂ ಹೇಳುತ್ತಿದ್ದರು. ನಾನು ಎ.ಸಿ. ಸೋರುವುದನ್ನು ಸರಿ ಮಾಡಿ ಕೈ ಒರೆಸಿಕೊಂಡರೆ, ನಾಳೆ ನೋಡ್ಬೇಕು. ಇಬ್ಬರು ಜಗಳವಾಡಿ ರಾಜಿಯಾದರೆ, ನಾಳೆ ನೋಡ್ಬೇಕು.

ಎ.ಸಿ. ವಿಷಯದಲ್ಲಿ ಅವರ ಮಾತು ನಿಜವಾಯಿತು. ನಾನು ಸರಿ ಮಾಡಿದ್ದ ಪೈಪು ಒಂದು ಭಾನುವಾರ ಬಿಚ್ಚಿಕೊಂಡು ರ‍್ಯಾಕಿನ ಮೇಲೆಲ್ಲ ನೀರು ತೊಟ್ಟಿಕ್ಕಿತ್ತು. ಇಲಿಗಳಿಗೆ ಏನೂ ಆಗಿರಲಿಲ್ಲ. ಕಾರ್ಡುಗಳು ನೆನೆದು ಸ್ಟಿಕ್ಕರುಗಳು ಉದುರಿದ್ದವು. ಸೋಮವಾರ ದೊಡ್ಡಮ್ಮ ಬೆಳಿಗ್ಗೆಯೇ ಬಂದು ಒದ್ದೆ ಹೊಟ್ಟೆಲ್ಲ ಬದಲಿಸಿ ಪಂಜರ ತೊಳೆಯಲು ಹಿಂದಿನ ಕೋಣೆಗೆ ಹೋಗಿದ್ದರು. ಹೋಗುವಾಗ ಚುಕ್ಕಿ ಅಂಟಿಸುವ ಕೆಲಸಕ್ಕೆ ಕೈ ಹಾಕಬೇಡ, ಮೇಡಂ ಬಂದು ಇಲಿಯ ಕಿವಿಯ ಕಚ್ಚು ನೋಡಿ ಅಂಟಿಸಲಿ ಅಂದಿದ್ದರು.

ನನಗೆ ತಾಳ್ಮೆ ಎಲ್ಲಿ. ಹೋದ ವಾರ ರ‍್ಯಾಕಿನ ಫೋಟೋ ತೆಗೆದಿದ್ದೆ. ಅದನ್ನು ನೋಡಿ ಯಾವ ಸಾಲಿಗೆ ಯಾವ ಬಣ್ಣ ಅಂತ ಅಂಟಿಸಿಬಿಟ್ಟೆ. ಮೇಡಂ ಬಂದಾಗ ಎಲ್ಲ ರೆಡಿ ಇತ್ತು. ನನ್ನನ್ನು ಹೊಗಳಿದರು ಕೂಡ.

ಅವತ್ತು ಸೋಮವಾರ. ದೊಡ್ಡಮ್ಮ ಮೇಲಿನ ಸಾಲು ಕೆಳಗೆ, ಕೆಳಗಿನ ಸಾಲು ಮೇಲೆ ಮಾಡಿ ಹೋಗಿದ್ದರು. ಅದು ನನಗೆ ಹೊಳೆಯಲಿಲ್ಲ.

ಮರಿ ಮಾಡಿಸಲು ಯಾವಾಗಲೂ ಹಳದಿ ಚುಕ್ಕಿಯ ಹೆಣ್ಣುಗಳನ್ನೇ ಗಂಡಿನ ಜೊತೆ ಬಿಡುವುದು. ಮೇಡಂ ಹಳದಿ ನೋಡಿ ನಾಲ್ಕು ಹೆಣ್ಣು ಆರಿಸಿದರು. ಆ ನಾಲ್ಕೂ ನಿಜದಲ್ಲಿ ಕೆಂಪು. ಇಲಿ ಬಸುರು ಮೂರು ವಾರ. ಹತ್ತು ಹನ್ನೆರಡು ದಿನ ಆಗಿರಬೇಕು, ಬೆಳಿಗ್ಗೆ ನಾನು ಥರ್ಮಾಮೀಟರ್ ಬರೆದುಕೊಳ್ಳುತ್ತಿದ್ದೆ. ದೊಡ್ಡಮ್ಮ ಒಂದು ಪಂಜರದ ಮುಂದೆ ನಿಂತವರು ಮುಚ್ಚಳ ತೆಗೆಯಲೇ ಇಲ್ಲ. ಮೂಸಿಯೇ ಗೊತ್ತಾಗಿತ್ತು. ಹಾಸಿನ ಹೊಟ್ಟು ಪೂರ್ತಿ ಕೆಂಪಗಾಗಿ ಮುದ್ದೆಗಟ್ಟಿತ್ತು. ತಾಯಿ ಇಲಿ ತಣ್ಣಗಾಗಿತ್ತು. ಪಕ್ಕದ ಪಂಜರದ್ದೂ ಹಾಗೆಯೇ. ಇನ್ನೆರಡು ಬದುಕಿದ್ದವು, ಆದರೆ ರಕ್ತ ಹೋಗುತ್ತಿತ್ತು.

ಮೇಡಂ ಬಂದು ಕಿವಿ ನೋಡಿ, ಪಟ್ಟಿ ನೋಡಿ, ಇವು ಕೆಂಪಿನವು, ಇಲ್ಲಿಗೆ ಹೇಗೆ ಬಂದವು ಅಂದರು. ಪಂಜರ ಬದಲಿಸುವಾಗ ದೊಡ್ಡಮ್ಮ ಇಲಿಗಳನ್ನು ಅದಲುಬದಲು ಮಾಡಿದ್ದಾರೆ ಅಂತಲೇ ತೀರ್ಮಾನ ಮಾಡಿದರು. ಜೋರಾಗಿ ಬೈಯಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿ ಇದೇನಮ್ಮ ಅಂದರು, ಅಷ್ಟೇ. ದೊಡ್ಡಮ್ಮ ನನ್ನ ಕಡೆ ಒಂದು ಸಲ ನೋಡಿದರು. ಸತ್ತ ಎರಡನ್ನೂ ಬೊಗಸೆಯಲ್ಲೇ ಎತ್ತಿ ಸತ್ತ ಪ್ರಾಣಿ ಹಾಕುವ ಹಳದಿ ಕವರಿಗೆ ಹಾಕಿದರು.

ಬಸ್ಸಿನಲ್ಲಿ ಕೇಳಿದೆ, ಯಾಕೆ ಸುಮ್ಮನಿದ್ದಿರಿ ಅಂತ. "ನಂಗೂ ಅವತ್ತೇ ಅನ್ಮಾನ ಬಂತು, ಇವು ಅವಲ್ವಲ್ಲ ಅಂತ. ಚುಕ್ಕಿ ನೋಡಿ ಸುಮ್ಕಾದೆ. ನಂದೂ ತಪ್ಪು ಐತೆ. ನಿಂದು ನೀನು ಏಳ್ಕೋ. ಇವತ್ತೇ ಅಂತ ಅಲ್ಲ, ನಾಳೆ ಏಳು" ಅಂದರು.

ಮಾರನೇ ದಿನ ಮೇಡಂಗೆ ಹೇಳಿದೆ. ಕೆಲಸ ಹೋಗುತ್ತದೆ ಅಂದುಕೊಂಡಿದ್ದೆ. ಅವರು ದೊಡ್ಡಮ್ಮನನ್ನೂ ಕರೆಸಿ, ನೆನ್ನೆ ಹಾಗೆ ಅಂದದ್ದು ತಪ್ಪಾಯಿತು ಅಂದರು. ಆಮೇಲೆ ಇಬ್ಬರನ್ನೂ ನಿಲ್ಲಿಸಿ ಕೆಂಪು ಹೆಣ್ಣುಗಳನ್ನು ಯಾಕೆ ಬಸುರು ಮಾಡಿಸಬಾರದು ಅಂತ ವಿವರಿಸಿದರು. ಇದು ಇಲಿಗಳಲ್ಲಿ ಮೊದಲೇ ಗೊತ್ತಿರುವ ವಿಷಯವಂತೆ. ಮರಿಯಲ್ಲಿ ದೋಷ ಇರುವುದಿಲ್ಲ. ಅಪ್ಪ ಸರಿ ಇದ್ದರೆ ಮರಿಗೆ ಒಂದು ಒಳ್ಳೆಯ ಪ್ರತಿ ಬಂದೇ ಇರುತ್ತದೆ. ತೊಂದರೆ ಇರುವುದು ತಾಯಿಯ ರಕ್ತದಲ್ಲಿ. ಗರ್ಭ ಕೂತಿರುವ ಜಾಗದಲ್ಲಿ ಹೆಪ್ಪು ಗಟ್ಟಿಯಾಗಿ ನಿಲ್ಲುವುದಿಲ್ಲ. ಬಿಚ್ಚಿಕೊಳ್ಳುತ್ತದೆ, ಗರ್ಭ ಜಾರುತ್ತದೆ, ಎಷ್ಟೋ ಸಲ ತಾಯಿಯೂ ಉಳಿಯುವುದಿಲ್ಲ.

ದೊಡ್ಡಮ್ಮ ಕೇಳಿಸಿಕೊಂಡು ನಿಂತಿದ್ದರು. ಕೈಯಲ್ಲಿ ತೊಳೆದ ನೀರಿನ ಬಾಟಲಿ ಇತ್ತು.

"ಮೇಡಂ, ಇದು ಮನುಷ್ರಿಗೂ ಆಯ್ತದಾ?" ಅಂತ ಕೇಳಿದರು.

ಆಗುತ್ತದೆ, ಬಹಳ ಅಪರೂಪ ಅಂದರು ಮೇಡಂ.

"ಅಂತೋರ್ಗೆ ಹುಟ್ದಾಗ ಒಕ್ಕಳು ಉದುರಿದ್ಮೇಲೆ ರಕ್ತ ಬತ್ತದಾ?"

ಮೇಡಂ ಅವರನ್ನೇ ನೋಡಿದರು. ಹೌದು, ಮನುಷ್ಯರಲ್ಲಿ ಅದೇ ಮೊದಲ ಗುರುತು, ನಿಮಗೆ ಹೇಗೆ ಗೊತ್ತು ಅಂದರು.

ದೊಡ್ಡಮ್ಮ ಬೋರಲು ಹಾಕಿದ್ದ ಒಂದು ಪಂಜರದ ಮೇಲೆ ಕೂತುಬಿಟ್ಟರು. ಅವರು ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರಿಗೆ ಒಬ್ಬಳೇ ಮಗಳು. ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರ ಮದುವೆ ಮಾಡಿ ಕೊಟ್ಟಿದ್ದರು. ನಮ್ಮೂರ ಕಡೆಯಾದ್ದರಿಂದ ಆ ಮನೆಯವರು ನನಗೂ ಗೊತ್ತಿದ್ದವರೇ. ಈ ಮಗಳು ಹುಟ್ಟಿದಾಗ ಹೊಕ್ಕಳು ಉದುರಿದ ಮೇಲೆ ದಿನಗಟ್ಟಲೆ ರಕ್ತ ಜಿನುಗಿತ್ತಂತೆ. ಬಟ್ಟೆ ಸುಟ್ಟ ಬೂದಿ ಇಟ್ಟು, ಅರಿಶಿನ ಇಟ್ಟು, ಕೊನೆಗೆ ಕುಣಿಗಲ್ಲಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಉಳಿಸಿಕೊಂಡಿದ್ದರು. ದೊಡ್ಡವಳಾದ ಮೇಲೆ ಒಂದು ಹಲ್ಲು ಕಿತ್ತಾಗಲೂ ಹಾಗೆಯೇ, ಅವತ್ತು ಏನೂ ಇಲ್ಲ, ಮೂರನೇ ದಿನ ದಿಂಬೆಲ್ಲ ರಕ್ತ. ಮದುವೆಯಾದ ಮೇಲೆ ಎರಡು ಸಲ ಗರ್ಭ ನಿಂತು ಎರಡೂ ಸಲ ರಕ್ತ ಹೋಗಿ ಇಳಿದಿತ್ತು. ಎರಡನೇ ಸಲ ಅವಳೇ ಉಳಿದದ್ದು ಹೆಚ್ಚು. ಪ್ರತಿ ಸಲವೂ ಪರೀಕ್ಷೆ ಮಾಡಿಸಿದ್ದರು. ಪ್ರತಿ ಸಲವೂ ಎಲ್ಲ ನಾರ್ಮಲ್.

ಈಗ ಮೂರನೇ ಸಲ. ಎರಡು ತಿಂಗಳು ತುಂಬಿತ್ತು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅವರು ಬುತ್ತಿ ಬಿಚ್ಚಲಿಲ್ಲ. ಖಾಲಿ ಕಾರ್ಡುಗಳ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟರು. ಸ್ಟಿಕ್ಕರಿನ ಹಾಳೆಯನ್ನೂ ತಂದಿದ್ದರು.

"ನಂಗೆ ಯಾವ್ ಚುಕ್ಕಿ?"

ನಿಮಗೇನೂ ತೊಂದರೆ ಇಲ್ಲವಲ್ಲ ದೊಡ್ಡಮ್ಮ ಅಂದೆ.

"ತೊಂದ್ರೆ ಇಲ್ದೋರು ಹಸುರೂ ಆಗ್ಬೋದು, ಹಳ್ದೀನೂ ಆಗ್ಬೋದು. ನೀನೇ ಏಳ್ಕೊಟ್ಟಿದ್ದಲ್ವಾ. ನನ್ ಮಗ್ಳು ಕೆಂಪಾದ್ರೆ ನಾನೇನು?"

ಹಳದಿ ಅಂದೆ.

"ಅವ್ರು?"

ಅವರೂ ಹಳದಿ.

ಅವರು ಅಂದರೆ ಗಂಡ. ಗಂಡ ಅಂದರೆ ಸೋದರಮಾವ. ದೊಡ್ಡಮ್ಮನ ತಾಯಿ ಮಗಳನ್ನು ತನ್ನ ಸ್ವಂತ ತಮ್ಮನಿಗೇ ಕೊಟ್ಟಿದ್ದರು. ಹೊರಗಿನ ಮನೆಗೆ ಕೊಟ್ಟರೆ ಹುಡುಗಿಯನ್ನು ಹೇಗೆ ನೋಡಿಕೊಳ್ಳುತ್ತಾರೋ, ತಮ್ಮನಾದರೆ ಕಣ್ಣಲ್ಲಿಟ್ಟು ನೋಡುತ್ತಾನೆ ಅಂತ. ಹಾಗೆಯೇ ನೋಡಿಕೊಂಡರು ಕೂಡ. ದೊಡ್ಡಮ್ಮ ಕೊನೆಯವರೆಗೂ ಗಂಡನನ್ನು ಮಾವ ಅಂತಲೇ ಕರೆಯುತ್ತಿದ್ದರಂತೆ. ಒಂದೇ ಮನೆತನದೊಳಗೆ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದ ಸುತ್ತಿ ಬಂದು ಮಗಳಲ್ಲಿ ಸೇರಿತ್ತು.

ಎರಡು ಹಳದಿ ಸ್ಟಿಕ್ಕರು ತೆಗೆದು ಎರಡು ಕಾರ್ಡಿಗೆ ಅವರೇ ಅಂಟಿಸಿದರು. ಮೂರನೆಯದಕ್ಕೆ ಕೆಂಪು. ನಾಲ್ಕನೇ ಕಾರ್ಡು ಹಾಗೇ ಇಟ್ಟರು. ನಾಲ್ಕನ್ನೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, "ನಮ್ಮವ್ವ ಒಳ್ಳೇದೇ ಮಾಡಿದ್ಲು. ಅವ್ಳಿಗೆ ಚುಕ್ಕಿ ಯಾರ್ ತೋರ್ಸಿದ್ರು" ಅಂದರು. ಎದ್ದು ಕೆಲಸಕ್ಕೆ ಹೋದರು.

ಮೇಡಂ ಒಂದು ಚೀಟಿಯಲ್ಲಿ ಪರೀಕ್ಷೆಯ ಹೆಸರು ಬರೆದುಕೊಟ್ಟು, ನಾನು ಡಾಕ್ಟರಲ್ಲ, ಇದನ್ನು ಅವರಿಗೆ ತೋರಿಸಿ, ಅವರು ಹೇಳಿದ ಹಾಗೆ ಮಾಡಿ ಅಂತ ಎರಡು ಸಲ ಹೇಳಿದರು. ಇಂಗ್ಲಿಷ್ ಓದಲು ಇರಲಿ ಅಂತ ದೊಡ್ಡಮ್ಮ ನನ್ನನ್ನೂ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗಳು ಕಡಬದಿಂದ ಬಸ್ಸಿನಲ್ಲಿ ಬಂದಿದ್ದಳು. ಸಣ್ಣಗಿದ್ದಳು, ಕಡಿಮೆ ಮಾತು. ಕೈಯಲ್ಲಿ ಹಳೆಯ ರಿಪೋರ್ಟುಗಳ ದಪ್ಪ ಫೈಲು.

ಡಾಕ್ಟರಮ್ಮ ಫೈಲು ತಿರುವಿ, ರಕ್ತದ ಪರೀಕ್ಷೆ ಎಲ್ಲ ಆಗಿದೆಯಲ್ಲ, ನಾರ್ಮಲ್ ಇದೆ ಅಂದರು. ದೊಡ್ಡಮ್ಮ ಒಂದು ಬಾಕಿ ಇದೆ ಅಂದರು. ಹೊರಗೆ ಜನ ತುಂಬಿದ್ದರು, ಡಾಕ್ಟರಮ್ಮನಿಗೆ ಬೇಸರ ಬಂತು. ಯಾರು ಹೇಳಿದ್ದು ನಿಮಗೆ ಅಂತ ಕೇಳಿದರು.

"ಇಲಿ ಏಳ್ತು" ಅಂದರು ದೊಡ್ಡಮ್ಮ.

ನರ್ಸು ನಕ್ಕಳು. ಡಾಕ್ಟರಮ್ಮನೂ ನಕ್ಕರು. ಚೀಟಿ ತೆಗೆದುಕೊಂಡು ಓದಿದರು. ನಗು ನಿಂತಿತು. ಮಗಳ ಕಡೆ ತಿರುಗಿ, ಹುಟ್ಟಿದಾಗ ಹೊಕ್ಕಳಿಂದ ರಕ್ತ ಬಂದಿತ್ತಾ ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಕೇಳಿದ್ದರೆ ಹೇಳುತ್ತಿದ್ದರು. ಗರ್ಭ ಇಳಿದದ್ದಕ್ಕೂ ಇಪ್ಪತ್ತೈದು ವರ್ಷದ ಹಿಂದಿನ ಹೊಕ್ಕಳಿಗೂ ಸಂಬಂಧ ಇದೆ ಅಂತ ಇವರಿಗೆ ಹೇಗೆ ಗೊತ್ತಾಗಬೇಕು.

ರಕ್ತದ ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಆ ಪರೀಕ್ಷೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಿ ಒಂದು ದ್ರಾವಣದಲ್ಲಿ ಹಾಕಿ ಮಾರನೇ ದಿನದವರೆಗೆ ನೋಡುತ್ತಾರೆ. ಗಂಟು ಬಿದ್ದಿದ್ದರೆ ಹೆಪ್ಪು ಹಾಗೇ ಇರುತ್ತದೆ, ಇಲ್ಲದಿದ್ದರೆ ಕರಗುತ್ತದೆ. ಇದನ್ನು ಹೇಳಿದಾಗ ದೊಡ್ಡಮ್ಮ ನನ್ನ ಮುಖ ನೋಡಿ, ನೋಡು, ಅವರೂ ನಾಳೆಯೇ ನೋಡೋದು ಅಂದರು.

ಕರಗಿತ್ತು. ಆಮೇಲೆ ಇನ್ನೊಂದು ಪರೀಕ್ಷೆಯಲ್ಲಿಯೂ ಅದೇ ಬಂತು.

ಚಿಕಿತ್ಸೆ ಇತ್ತು. ಬೇರೆಯವರ ರಕ್ತದಿಂದ ತೆಗೆದ, ಈ ಫ್ಯಾಕ್ಟರ್ ಇರುವ ಭಾಗವನ್ನು ಹೆರಿಗೆಯವರೆಗೂ ಎರಡು ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿ ಕೊಡಬೇಕು. ಒಂದು ಸಲ ಕೊಟ್ಟರೆ ಅಷ್ಟು ದಿನ ರಕ್ತದಲ್ಲಿ ಉಳಿಯುತ್ತದೆ. ಆದರೆ ಕಡಬದ ಮನೆಯಲ್ಲಿ ಮಗಳ ಅತ್ತೆ ಒಪ್ಪಲಿಲ್ಲ. ಕೆಟ್ಟವರಲ್ಲ. ಎರಡು ಸಲವೂ ಸೊಸೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ. ಬಸುರಿಗೆ ಯಾರದೋ ರಕ್ತ ಯಾಕೆ, ಈಗ ರಕ್ತ ಹೋಗುತ್ತಿಲ್ಲವಲ್ಲ, ಹೋದಾಗ ನೋಡೋಣ ಅನ್ನುವುದು ಅವರ ಮಾತು. ಅಳಿಯ ಅಮ್ಮನ ಮಾತು ಮೀರುವವನಲ್ಲ.

ಭಾನುವಾರ ದೊಡ್ಡಮ್ಮ ಅಲ್ಲಿಗೆ ಹೊರಟರು. ಬೈಕಿನಲ್ಲಿ ಬಿಟ್ಟದ್ದು ನಾನೇ. ಜೀನು, ಫ್ಯಾಕ್ಟರ್ ಎಲ್ಲ ವಿವರಿಸಲು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಬೀಗಿತ್ತಿಯರಿಬ್ಬರೂ ಜಗಲಿಯ ಮೇಲೆ ಕೂತು ಮಳೆ, ಬೆಳೆ, ಯಾರದೋ ಮದುವೆ ಅಂತ ಮಾತಾಡಿದರು. ಅಷ್ಟರಲ್ಲಿ ದೊಡ್ಡಮ್ಮ ಅಂಗಳಕ್ಕೆ ಇಳಿದು ತೋಟದಿಂದ ಎರಡು ಹಸಿ ತೆಂಗಿನ ಗರಿ ಎಳೆದು ತಂದು ಸೋಗೆ ಹೆಣೆಯಲು ಕೂತರು. ಬಂದ ನೆಂಟರಿಗೆ ಇದೇನು ಕೆಲಸ ಅಂತ ಬೀಗಿತ್ತಿ ಬೈದರು. ಕೈ ಸುಮ್ಮನಿರಲ್ಲ ಅಂತ ಇವರು ಹೆಣೆದೇ ಹೆಣೆದರು. ಎರಡೂ ಒಂದೇ ಥರ ಬಂದವು. ಒಂದರ ಅಂಚನ್ನು ಬಿಗಿಯಾಗಿ ಗಂಟು ಹಾಕಿ ಕಟ್ಟಿದರು. ಇನ್ನೊಂದರದ್ದು ಹಾಗೇ ಬಿಟ್ಟರು. ಎರಡನ್ನೂ ಬಿಸಿಲಿಗೆ ಗೋಡೆಗೆ ಒರಗಿಸಿದರು.

"ಅಕ್ಕ, ಇವೆಲ್ಡ್ರಲ್ಲಿ ಯಾವ್ದು ಗಟ್ಟಿ?" ಅಂತ ಕೇಳಿದರು.

ಅಂಚು ಕಟ್ಟಿರೋದು, ಅದೇನು ಕೇಳೋ ಮಾತಾ ಅಂದರು ಬೀಗಿತ್ತಿ.

"ಇವಾಗ ಎಲ್ಡೂ ಒಂದೇ ತರ ನಿಂತವಲ್ಲ."

"ಇವಾಗ ನಿಂತವೆ. ನಾಳೆ ಒಣಗ್ಲಿ, ಕಟ್ದೇ ಇರೋದು ಬಿಚ್ಕಂತದೆ."

"ನಿಮ್ ಸೊಸೆ ರಕ್ತ ಅಂಚು ಕಟ್ದೇ ಇರೋ ಸೋಗೆ ಕಣಕ್ಕ. ಬಿಚ್ಕಂಡ್ಮೇಲೆ ಕಟ್ಟಕ್ಕಾಯ್ತದಾ? ಎಲ್ಡು ಸಲ ಬಿಚ್ಕಂಡಿದ್ದು ನೀವೇ ಕಂಡಿದ್ದೀರಿ. ನಾನು ಏಳಿದ್ದೇ ನಿಜ ಅನ್ಬ್ಯಾಡಿ. ನಾಳೆ ಸೋಗೆ ನೋಡಿ, ಆಮ್ಯಾಕೆ ನೀವೇ ಏಳಿ."

ಅಷ್ಟು ಹೇಳಿ ಊಟ ಮಾಡಿ ಎದ್ದು ಬಂದರು. ನನ್ನ ತಯಾರಿ ಬೇಕಾಗಲೇ ಇಲ್ಲ. ಇಷ್ಟು ದಿನ ನೂಲು, ಗಂಟು ಅಂತ ವಿಡಿಯೋ ನೋಡಿ ನಾನು ಹೇಳುತ್ತಿದ್ದದ್ದನ್ನು ಅವರು ಎರಡು ಗರಿಯಲ್ಲಿ ಮುಗಿಸಿದ್ದರು.

ಸೋಮವಾರ ಫೋನು ಬರಲಿಲ್ಲ. ದೊಡ್ಡಮ್ಮ ಮಾಮೂಲಿಯಂತೆ ಮೇಲಿನ ಸಾಲು ಕೆಳಗೆ, ಕೆಳಗಿನ ಸಾಲು ಮೇಲೆ ಮಾಡಿದರು. ಮಂಗಳವಾರ ಮಧ್ಯಾಹ್ನ ಬಂತು. ಮಾಡಿದ್ದು ಬೀಗಿತ್ತಿ. ಡ್ರಿಪ್ ಹಾಕಿಸಲು ಯಾವತ್ತು ಕರೆದುಕೊಂಡು ಬರಬೇಕು ಅಂತ ಮಾತ್ರ ಕೇಳಿದರಂತೆ.

ಆಮೇಲಿನ ಏಳು ತಿಂಗಳು ಹೇಳುವಂಥದ್ದು ಹೆಚ್ಚಿಲ್ಲ. ಕಡಬದಿಂದ ತುಮಕೂರಿಗೆ ಬಸ್ಸು, ಡ್ರಿಪ್ಪು, ವಾಪಸ್ಸು. ಒಂದು ಸಲ ಬೇಕಾದ ಚೀಲ ರಕ್ತನಿಧಿಯಲ್ಲಿ ಇರಲಿಲ್ಲ, ಎರಡು ದಿನ ತಡವಾಯಿತು. ಆ ಎರಡು ದಿನ ದೊಡ್ಡಮ್ಮ ಯಾರ ಹತ್ತಿರವೂ ಮಾತಾಡಲಿಲ್ಲ, ಇಲಿಗಳ ಹತ್ತಿರವೂ. ಪ್ರಯೋಗಾಲಯದಲ್ಲಿ ಆ ಕೆಲಸ ಮುಗಿದು ಕೆಂಪು ಚುಕ್ಕಿಯ ತಳಿ ಇನ್ನು ಬೇಡ ಅಂತ ತೀರ್ಮಾನವಾಯಿತು. ಬೇಡ ಅಂದರೆ ಏನು ಅಂತ ನಿಮಗೆ ಗೊತ್ತಾಗುತ್ತದೆ. ಮಾರನೇ ದಿನ ಹೋಗುವ ಇಲಿಗಳಿಗೆ ದೊಡ್ಡಮ್ಮ ಅವತ್ತು ಹೊಸ ಹೊಟ್ಟು ಹಾಕಿದರು. ಯಾಕೆ ಸುಮ್ಮನೆ ಅಂತ ಯಾರೋ ಕೇಳಿದರು. ಇವತ್ತು ಇದಾವಲ್ಲ ಅಂದರು. ಆಮೇಲೆ ಒಂದೊಂದನ್ನೂ ಬೊಗಸೆಯಲ್ಲಿ ಎತ್ತಿ ಕೊಟ್ಟದ್ದು ಅವರೇ. ಬೇರೆಯವರು ಎತ್ತಿದರೆ ಬಾಲ ಹಿಡಿಯುತ್ತಾರೆ ಅಂತ.

ಹೆರಿಗೆ ತುಮಕೂರಿನಲ್ಲೇ ಆಯಿತು, ಹೆಣ್ಣು ಮಗು. ಸುದ್ದಿ ಕೇಳಿ ನಾನು ಸಿಹಿ ತೆಗೆದುಕೊಂಡು ಹೋದೆ. ದೊಡ್ಡಮ್ಮ ಪೊಟ್ಟಣ ಬಿಚ್ಚಲು ಬಿಡಲಿಲ್ಲ. ಇವತ್ತು ಬೇಡ ಅಂದರು. ಬೀಗಿತ್ತಿಯೂ ಪಕ್ಕದಲ್ಲೇ ಇದ್ದರು, ಅವರೂ ಇವತ್ತು ಬೇಡ ಅಂದರು.

ಮಾರನೇ ದಿನ ಮತ್ತೆ ಹೋದಾಗ ದೊಡ್ಡಮ್ಮ ಮಗಳ ಮಂಚದ ಹತ್ತಿರ ಬಗ್ಗಿ ನಿಂತಿದ್ದರು. ಪಂಜರದ ಮುಂದೆ ನಿಲ್ಲುವ ಹಾಗೆಯೇ. ಮೊದಲು ಮೂಸಿದರು. ಆಮೇಲೆ ಹೊದಿಕೆ ಸರಿಸಿ ಹಾಸಿದ್ದ ಬಟ್ಟೆ ನೋಡಿದರು. ಮತ್ತೆ ಹೊದಿಸಿದರು. ಮೂರನೇ ದಿನವೂ ನೋಡಿದರು. ನಾಲ್ಕನೇ ದಿನ ಸಿಹಿ ತಿಂದೆವು. ಸ್ವಲ್ಪ ಹಳಸಿತ್ತು, ಯಾರೂ ಹೇಳಲಿಲ್ಲ.

ಮಗುವಿನ ಹೊಕ್ಕಳು ಉದುರುವವರೆಗೂ ಅವರು ರಜೆ ಹಾಕಿದ್ದರು. ಅಪ್ಪ ಹೊರಗಿನ ಮನೆತನದವನಾದ್ದರಿಂದ ಆ ಮಗುವಿಗೆ ಅವನಿಂದ ಒಂದು ಒಳ್ಳೆಯ ಪ್ರತಿ ಬಂದಿದೆ, ಹೊಕ್ಕಳಿಂದ ರಕ್ತ ಬರುವ ಭಯ ಇಲ್ಲ ಅಂತ ಡಾಕ್ಟರಮ್ಮನೂ ಹೇಳಿದ್ದರು. ಆದರೂ ಕಾದರು. ಹೊಕ್ಕಳು ಉದುರಿತು, ಒಣಗಿತ್ತು. ಅದರ ಮಾರನೇ ದಿನ ನನಗೆ ಫೋನು ಮಾಡಿದರು.

"ನಾಲ್ಕ್ನೇ ಕಾರ್ಡಿಗೆ ಹಳ್ದಿ ಅಂಟ್ಸಿವ್ನಿ ಕಣೋ" ಅಂದರು. ಅಷ್ಟೇ ಹೇಳಿ ಇಟ್ಟರು.

ಮಗಳಿಗೆ ಈಗಲೂ ಡ್ರಿಪ್ ನಡೆಯುತ್ತದೆ, ಅದು ಜೀವನಪೂರ್ತಿ. ದೊಡ್ಡಮ್ಮ ಕೆಲಸ ಬಿಟ್ಟು ಮೊಮ್ಮಗುವನ್ನು ನೋಡಿಕೊಳ್ಳಲು ಹೋಗಿದ್ದಾರೆ. ಹೋಗುವ ದಿನ ಅವರ ಜಾಗಕ್ಕೆ ಬಂದ ಹೊಸಬಳಿಗೆ ಬೊಗಸೆ ಹೇಗೆ ಇಡಬೇಕು ಅಂತ ತೋರಿಸುತ್ತಿದ್ದರು. ಇಲಿ ಬರಲು ತಡ ಮಾಡಿತು. ಅವಳು ಕೈ ತೆಗೆಯಲು ಹೋದಳು. ದೊಡ್ಡಮ್ಮ ತಮ್ಮ ಕೈಯನ್ನು ಅವಳ ಕೈ ಕೆಳಗೆ ಇಟ್ಟು ಹಾಗೇ ಹಿಡಿದುಕೊಂಡರು. ಸಂಜೆ ಕನಕಾಂಬರ ಮುಡಿದುಕೊಂಡು ಬಸ್ಸು ಹತ್ತಿದರು.

ಈಗ ನಿಮ್ಮದು ಹೇಳಿ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಹೊಕ್ಕಳು ಉದುರಿದ ಮೇಲೆ ರಕ್ತ ನಿಲ್ಲದ ಮಗು ಇತ್ತಾ? ಹಲ್ಲು ಕಿತ್ತ ಎರಡು ದಿನದ ಮೇಲೆ ದಿಂಬು ಒದ್ದೆಯಾದವರು? ಎಲ್ಲ ನಾರ್ಮಲ್ ಇದ್ದೂ ಮತ್ತೆ ಮತ್ತೆ ಗರ್ಭ ಇಳಿದವರು? ನಾನು ಎ.ಸಿ. ರಿಪೇರಿಯವನು, ಔಷಧಿ ಹೇಳಲಾರೆ. ಅದಕ್ಕೆ ಡಾಕ್ಟರ ಹತ್ತಿರ ಹೋಗಿ, ಹೊಕ್ಕಳಿನ ವಿಷಯ ಅವರು ಕೇಳದಿದ್ದರೂ ನೀವೇ ಹೇಳಿ. ಆಮೇಲೆ ಏನಾಯಿತು ಅಂತ ಇಲ್ಲಿ ಕೆಳಗೆ ಬರೆಯಿರಿ, ಹೆಸರು ಬೇಕಿಲ್ಲ. ನಮ್ಮಲ್ಲಿ ಯಾರೂ ಇಲ್ಲ ಅಂತ ಇವತ್ತೇ ಬರೆದುಬಿಡಬೇಡಿ. ಮನೆಯಲ್ಲಿ ಅಮ್ಮನನ್ನೋ ದೊಡ್ಡಮ್ಮನನ್ನೋ ಒಂದು ಮಾತು ಕೇಳಿ, ನಾಳೆ ಬರೆಯಿರಿ.